ಹೆಳವರ ಹೊತ್ತಿಗೆ, ಹಾಳೂರಿನ ಸಮಾಧಿ: ಒಂದು ವಂಶಾವಳಿ ಸೇವೆಯ ವಿಮರ್ಶೆ

ಸುಗ್ಗಿ ಮುಗಿದು ಬಿಳಿಜೋಳ ಕಣದಿಂದ ಮನೆ ಸೇರಿದ ಮೇಲೆ, ನಮ್ಮ ಮನೆತನದ ಹೆಳವರು ಈ ವರ್ಷ ಊರಿಗೆ ಬಂದರು. ಹನ್ನೊಂದು ವರ್ಷಗಳಿಂದ ಅವರು ನಮ್ಮ ಓಣಿಗೆ ಕಾಲಿಟ್ಟಿರಲಿಲ್ಲ. ನಾವೇ ನಾಲ್ಕಾರು ಊರು ವಿಚಾರಿಸಿ, ಅವರು ಬೀಡುಬಿಟ್ಟ ಜಾಗವನ್ನು ಪತ್ತೆ ಹಚ್ಚಿ, ಬರಬೇಕೆಂದು ಕೇಳಿಕೊಂಡೆವು. ಎರಡೂವರೆ ದಿನ ಅವರು ನಮ್ಮಲ್ಲಿದ್ದರು. ಒಂದು ದಿನ ನಮ್ಮ ವಂಶಾವಳಿಯ ಹೊತ್ತಿಗೆ ಓದಿದರು, ಮರುದಿನ ನಮ್ಮ ಹಿರಿಯರು ಬಿಟ್ಟುಬಂದ ಹಾಳೂರಿಗೆ ನಮ್ಮೊಂದಿಗೆ ನಡೆದು ಬಂದರು, ಮೂರನೆಯ ದಿನ ಮಧ್ಯಾಹ್ನದವರೆಗೆ ಕುಳಿತು ಹೊಸ ಹೆಸರುಗಳನ್ನು ಬರೆದುಕೊಂಡರು. ಖಾನಾವಳಿಯ ಊಟದ ಬಗ್ಗೆ, ಬಸ್ಸಿನ ಸೌಕರ್ಯದ ಬಗ್ಗೆ ನಾವು ವಿಮರ್ಶೆ ಬರೆಯುತ್ತೇವೆ. ನೂರಾರು ವರ್ಷಗಳಿಂದ ಮನೆಮನೆಗೆ ಬಂದು ಸಲ್ಲುತ್ತಿರುವ ಈ ಸೇವೆಯ ಬಗ್ಗೆ, ಅದನ್ನು ಪಡೆದುಕೊಂಡವನೊಬ್ಬ ಗುಣದೋಷಗಳ ಸಮೇತ ಬರೆದದ್ದನ್ನು ನಾನು ಕಂಡಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹೆಳವರು ಎಂದರೆ ಕಾಳು ಬೇಡಲು ಬರುವವರು ಎಂಬ ಭಾವನೆ ಬೇರೂರಿದೆ. ಆ ಭಾವನೆ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರು ಮಾಡುವುದು ದಾಖಲೆಯ ಕೆಲಸ, ಅವರಿಗೆ ಕೊಡುವುದು ಆ ಕೆಲಸದ ಸಂಬಳ.

ಪರಿಚಯವಿಲ್ಲದವರಿಗೆ ಎರಡು ಮಾತು ಹೇಳಬೇಕು. ಹೆಳವ ಎಂದರೆ ಕಾಲಿನ ಬಲವಿಲ್ಲದವನು. ನಡೆಯಲಾಗದ ತಮ್ಮ ಮೂಲಪುರುಷನಿಗೆ ಬಸವಣ್ಣನವರು ಎತ್ತನ್ನು ದಯಪಾಲಿಸಿದರೆಂಬ ಕಥೆಯನ್ನು ಈ ಸಮುದಾಯದವರು ಹೇಳಿಕೊಂಡು ಬಂದಿದ್ದಾರೆ. ಕಾಲಿನ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಗಂಟೆ ಹಿಡಿದು, ಎತ್ತಿನ ಮೇಲೆ ಕುಳಿತು ಅಗಸೆ ಬಾಗಿಲಿಗೆ ಬರುತ್ತಿದ್ದ ಹೆಳವನ ಚಿತ್ರ ನಮ್ಮ ಹಿರಿಯರ ಕಣ್ಣಲ್ಲಿ ಇನ್ನೂ ಇದೆ. ಒಕ್ಕಲು ಮನೆತನಗಳ ವಂಶಾವಳಿಯನ್ನು ಕಾಪಾಡಿ, ಕೆಲವು ವರ್ಷಗಳಿಗೊಮ್ಮೆ ಆಯಾ ಮನೆಗೆ ಬಂದು ಓದಿ ಹೇಳುವುದು ಅವರ ಕುಲವೃತ್ತಿ. ಯಾವ ಊರು, ಯಾವ ಮನೆತನ ಯಾರಿಗೆ ಸೇರಿದ್ದು ಎಂಬುದು ಅವರಲ್ಲಿ ಹಂಚಿಕೆಯಾಗಿರುತ್ತದೆ. ತಂದೆಯ ಊರುಗಳು ಮಕ್ಕಳಿಗೆ ಪಾಲಾಗುತ್ತವೆ. ಆದ್ದರಿಂದ ಯಾವುದೋ ಹೆಳವರನ್ನು ಕರೆದು ನಮ್ಮ ವಂಶಾವಳಿ ಓದಿ ಎಂದರೆ ಆಗುವುದಿಲ್ಲ, ನಿಮ್ಮ ಮನೆತನದ ಹೆಳವರು ಯಾರೆಂಬುದನ್ನೇ ಹುಡುಕಬೇಕು. ಈಗ ಎತ್ತು ಇಲ್ಲ. ನಮ್ಮಲ್ಲಿಗೆ ಬಂದ ಹೆಳವಜ್ಜ ಮಗನ ಟಂಟಂ ಗಾಡಿಯಲ್ಲಿ ಬಂದಿಳಿದರು, ಆದರೆ ಗಂಟೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಓದುವ ದಿನ ಪಡಸಾಲೆಯನ್ನು ಸಾರಿಸಿ, ಕರಿಕಂಬಳಿಯ ಗದ್ದುಗೆ ಹಾಸಿ, ದೀಪ ಹಚ್ಚಿ, ಅಣ್ಣತಮ್ಮಂದಿರ ಏಳು ಮನೆಗಳವರೂ ಬಂದು ಕುಳಿತ ಮೇಲೆಯೇ ಆ ಹೆಳವಜ್ಜ ಹೊತ್ತಿಗೆಯ ಗಂಟು ಬಿಚ್ಚಿದರು. ಮೂರು ಮಡಿಕೆಯ ಕೆಂಪು ಬಟ್ಟೆ, ಅದರೊಳಗೆ ಉದ್ದನೆಯ ಲೆಕ್ಕದ ಪುಸ್ತಕದಂಥ ನಾಲ್ಕು ಕಟ್ಟುಗಳು. ನಮ್ಮದು ಎರಡನೆಯದರಲ್ಲಿ ಇತ್ತು. ಪುಟದ ಅಂಚುಗಳು ಎಣ್ಣೆಗೈಗೆ ಸಿಕ್ಕು ಕಂದಾಗಿದ್ದವು, ಮಡಿಕೆ ಹರಿದ ಕಡೆ ಹಿಟ್ಟಿನ ಅಂಟಿನಿಂದ ತೆಳುಬಟ್ಟೆ ಹಚ್ಚಿದ್ದರು. ಅಕ್ಷರಗಳಲ್ಲಿ ಮೂರು ಕೈಬರಹಗಳನ್ನು ಗುರುತಿಸಬಹುದಿತ್ತು. ಅಜ್ಜನದು ನೀಲಿ ಬಾಲ್‌ಪೆನ್ನಿನ ಗುಂಡು ಅಕ್ಷರ, ಅವರ ತಂದೆಯದು ಶಾಯಿಯ ಬಾಗಿದ ಅಕ್ಷರ. ಅದಕ್ಕೂ ಹಿಂದಿನದು ಪದಪದಗಳ ನಡುವೆ ಜಾಗವೇ ಇಲ್ಲದೆ ಸಾಲಾಗಿ ಹರಿದ ಕಪ್ಪು ಬರಹ. ಆ ಹಳೆಯ ಪುಟಗಳನ್ನು ನಾನು ಅಕ್ಷರ ಕೂಡಿಸಿ ಓದಲು ತಿಣುಕುತ್ತಿದ್ದರೆ, ಅಜ್ಜ ಪುಟದ ಕಡೆ ನೋಡದೆಯೇ ಮುಂದಿನ ಸಾಲು ಹೇಳುತ್ತಿದ್ದರು. ಅವರ ಪಾಲಿಗೆ ಹೊತ್ತಿಗೆಯು ಬಾಯಿಪಾಠಕ್ಕೆ ಆಧಾರವೇ ಹೊರತು ಅದರ ಬದಲು ಬಂದ ವಸ್ತುವಲ್ಲ.

ಓದುವ ಕ್ರಮ ಹೀಗಿತ್ತು. ಮೊದಲು ಮನೆತನದ ಬೆಡಗು (ಗೋತ್ರದಂಥ ಕುಲದ ಒಳಪಂಗಡ), ಮನೆದೇವರು, ಮೂಲಸ್ಥಳ; ಆಮೇಲೆ ಮೂಲಪುರುಷ; ಅಲ್ಲಿಂದ ಒಬ್ಬೊಬ್ಬರ ಹೊಟ್ಟೆಯಲ್ಲಿ ಎಷ್ಟು ಗಂಡುಮಕ್ಕಳು, ಯಾರು ಯಾವ ಊರಿಗೆ ಹೋದರು, ಯಾರ ಸಂತಾನ ನಿಂತಿತು, ಯಾರು ದತ್ತಕ ಬಂದರು. ನನ್ನನ್ನೂ ಸೇರಿಸಿ ಹನ್ನೊಂದು ತಲೆಮಾರು ಬಂತು. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ಎರಡೇ ಹೆಸರುಗಳು ಐದು ತಲೆಮಾರು ಹೊರಳಿ ಹೊರಳಿ ಬಂದಿವೆ. ಮನೆತನದ ಕಾಗದಪತ್ರ ಹಿಡಿದು ನಾನೊಬ್ಬನೇ ಎರಡು ವರ್ಷ ತಿಣುಕಿ ಸೋತದ್ದು ಇಲ್ಲಿಯೇ, ಯಾವುದು ಅಜ್ಜನ ಸಹಿ, ಯಾವುದು ಮೊಮ್ಮಗನ ಸಹಿ ಎಂದು ಬೇರ್ಪಡಿಸಲು ಆಗಿರಲಿಲ್ಲ. ಹೊತ್ತಿಗೆಯಲ್ಲಿ ಪ್ರತಿ ಹೆಸರಿಗೂ ಒಂದು ಗುರುತು ಅಂಟಿಕೊಂಡಿದೆ: ಒಬ್ಬ ಕರಿಯವನು, ಒಬ್ಬ ದನದ ದಲಾಲಿ ಮಾಡಿದವನು, ಒಬ್ಬ ಬಾವಿ ತೆಗೆಸಿದವನು. ಅಜ್ಜ ಆ ಗುರುತುಗಳನ್ನು ಓದುತ್ತ ಹೋದಂತೆ ನನ್ನ ಕಡತದ ಗೋಜಲು ಅರ್ಧ ತಾಸಿನಲ್ಲಿ ಬಿಡಿಸಿಕೊಂಡಿತು.

ನನ್ನ ಮುತ್ತಜ್ಜನ ತಂದೆಯ ಹೆಸರಿನ ಬಳಿಗೆ ಬಂದಾಗ ಅಜ್ಜ ದನಿ ತಗ್ಗಿಸಿದರು. ಅವರಿಗೆ ಮೂವರು ತಮ್ಮಂದಿರಿದ್ದರು ಎಂಬುದೇ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಮೂರು ಹೆಸರುಗಳ ಮುಂದೆ ಒಂದೇ ಸಾಲು ಇತ್ತು: ಬರ ಬಿದ್ದು ಮೂಡಲಕ್ಕೆ ಹೋದರು, ತಿರುಗಿ ಬರಲಿಲ್ಲ. ತಲೆಮಾರಿನ ಲೆಕ್ಕ ಹಾಕಿದರೆ ಆ ಬರ 1876ರಿಂದ 1878ರವರೆಗಿನ ಮಹಾಕ್ಷಾಮವೇ ಆಗಿರಬೇಕು, ಜನ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಎಂದು ನೆನೆಯುವ ಬರ. ಆಗ ನಮ್ಮ ಸೀಮೆ ಕಲಾದಗಿ ಜಿಲ್ಲೆಯಲ್ಲಿತ್ತು. ಜಿಲ್ಲಾ ಕಚೇರಿ ವಿಜಯಪುರಕ್ಕೆ ಹೋದದ್ದು 1885ರಲ್ಲಿ, ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1872 ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿದಿತ್ತು ಎಂಬುದನ್ನು ನಾನು ಗೆಝೆಟಿಯರಿನಲ್ಲಿ ಓದಿದ್ದೆ. ಆ ಕುಸಿತದಲ್ಲಿ ನಮ್ಮ ಮನೆಯ ಮೂವರು ಹುಡುಗರೂ ಸೇರಿದ್ದಾರೆ ಎಂದು ತಿಳಿದದ್ದು ಆ ಮಧ್ಯಾಹ್ನ, ಕಂಬಳಿಯ ಮುಂದೆ ಕುಳಿತಾಗ. ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇನ್ನು ಕೊರತೆಗಳನ್ನೂ ಹೇಳಬೇಕು. ನಮ್ಮ ಪುಟಗಳಲ್ಲಿ ಇಸವಿ ಎಂಬುದೇ ಇಲ್ಲ. ಬರ, ಪ್ಲೇಗು, ಊರು ಒಡೆದದ್ದು, ಕೆರೆ ಕಟ್ಟಿದ್ದು ಇವೇ ಕಾಲದ ಗೂಟಗಳು. ಆ ಘಟನೆಗಳ ಕಾಲವನ್ನು ಬೇರೆ ಕಡೆಯಿಂದ ನಾವೇ ತಂದು ಹೊಂದಿಸಿಕೊಳ್ಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ದಾಖಲೆ ಬಹಳ ಬಡವಾಗಿದೆ. ಸೊಸೆಯಂದಿರ ತವರೂರು ಇದೆ, ಹೆಸರಿಲ್ಲ. ಹೆಣ್ಣುಮಕ್ಕಳು ಎಷ್ಟು ಜನ ಎಂಬ ಸಂಖ್ಯೆ ಕೆಲವು ಕಡೆ ಇದೆ, ಎಲ್ಲಿಗೆ ಕೊಟ್ಟರು ಎಂಬುದು ಅಪರೂಪಕ್ಕೆ ಇದೆ. ಹೀಗಾಗಿ ಹನ್ನೊಂದು ತಲೆಮಾರಿನ ವಂಶಾವಳಿ ಎಂದು ನಾವು ಹೆಮ್ಮೆಪಡುವುದು ನಿಜಕ್ಕೂ ಅರ್ಧ ವಂಶದ ಆವಳಿ. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳೂ ಇದರಲ್ಲಿಲ್ಲ. ನನ್ನ ಅಜ್ಜನ ಇಬ್ಬರು ತಮ್ಮಂದಿರ ಹಿರಿತನವೂ ಅದಲುಬದಲಾಗಿತ್ತು; ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕ ತೋರಿಸಿದಾಗ ಅಜ್ಜ ತಕರಾರಿಲ್ಲದೆ ತಿದ್ದಿಕೊಂಡರು, ಆದರೆ ಹಳೆಯ ಸಾಲನ್ನು ಅಳಿಸದೆ ಪಕ್ಕದಲ್ಲಿ ಬರೆದರು. ಆ ಎಚ್ಚರ ನನಗೆ ಬಹಳ ಹಿಡಿಸಿತು.

ಮತ್ತೊಂದು ವಿಷಯವನ್ನು ಮೊದಲೇ ಅರಿತಿರುವುದು ಒಳ್ಳೆಯದು. ಎಲ್ಲರೆದುರು ಓದುವುದರಿಂದ ಮುಚ್ಚಿಟ್ಟದ್ದೂ ಹೊರಬರುತ್ತದೆ. ನಮ್ಮ ಒಂದು ಮನೆ ದತ್ತಕದಿಂದ ಬಂದ ಶಾಖೆ ಎಂದು ಓದಿದಾಗ ಕಾಕಾ ಒಬ್ಬರು ಕಸಿವಿಸಿಗೊಂಡು ಎದ್ದು ನಿಂತರು. ಅಜ್ಜ ಸಮಾಧಾನದಿಂದ, "ಬರದದ್ದನ್ನ ಬಿಟ್ಟು ಓದಿದ್ರ ನಮ್ಮ ಹೊತ್ತಿಗಿಗೆ ಬೆಲಿ ಇರಂಗಿಲ್ಲರೀ ಯಜಮಾನ್ರ" ಎಂದರು. ಕಾಕಾ ಕುಳಿತರು. ಆಸ್ತಿಯ ವ್ಯಾಜ್ಯವಿರುವ ಮನೆಗಳವರು ಮೊದಲು ಹಿರಿಯರಿಬ್ಬರ ಸಮ್ಮುಖದಲ್ಲಿ ಓದಿಸಿ, ಆಮೇಲೆ ಎಲ್ಲರನ್ನೂ ಕರೆಯುವುದು ವಿವೇಕ.

ಈ ಸೇವೆಯ ನಿಜವಾದ ಬೆಲೆ ನನಗೆ ತಿಳಿದದ್ದು ಎರಡನೆಯ ದಿನ. ಅಜ್ಜನನ್ನು ಕರೆದುಕೊಂಡು ಹಾಳೂರಿಗೆ ಹೋಗಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು. ನಮ್ಮ ಈಗಿನ ಊರಿನಿಂದ ಮೂರು ಕಿಲೋಮೀಟರ್ ದೂರದಲ್ಲಿ ಅದು ಇದೆ. ಕಂದಾಯ ದಾಖಲೆಗಳಲ್ಲಿ ಇಂಥ ಊರುಗಳಿಗೆ ಬೇಚರಾಕ್ ಗ್ರಾಮ ಎನ್ನುತ್ತಾರೆ. ಪರ್ಷಿಯನ್ ಮೂಲದಲ್ಲಿ ಅದರ ಅರ್ಥ ದೀಪವಿಲ್ಲದ ಊರು. ಗ್ರಾಮದ ಹೆಸರಿದೆ, ಸರ್ವೆ ನಂಬರುಗಳಿವೆ, ಗಡಿಯಿದೆ, ದೀಪ ಹಚ್ಚುವವರಿಲ್ಲ. ಕರ್ನಾಟಕದ ಅನೇಕ ತಾಲ್ಲೂಕುಗಳಲ್ಲಿ ಹೀಗೆ ಬರದಿಂದ, ಸಿಡುಬು ಪ್ಲೇಗುಗಳಿಂದ, ದಂಡಿನ ಹಾವಳಿಯಿಂದ, ನೀರು ಬತ್ತಿ ಖಾಲಿಯಾದ ಊರುಗಳಿವೆ. ಜನ ಊರು ಬಿಟ್ಟರೂ ದೇವರನ್ನು ಬಿಡುವುದಿಲ್ಲ. ನಮ್ಮ ಹಾಳೂರಿನಲ್ಲಿಯೂ ಹನುಮಪ್ಪನ ಗುಡಿಯೊಂದೇ ಸುಣ್ಣ ಬಳಿದುಕೊಂಡು ನಿಂತಿದೆ, ವರ್ಷಕ್ಕೊಮ್ಮೆ ಎಡೆ ಒಯ್ಯುತ್ತೇವೆ. ಸುತ್ತಲೂ ಬಳ್ಳಾರಿ ಜಾಲಿಯ ಮೆಳೆ, ಕುಸಿದ ಹುಡೇವು ಎಂಬ ಕಾವಲು ಕೊತ್ತಲ, ಕಾಲಿಟ್ಟಲ್ಲೆಲ್ಲ ಮಡಕೆಯ ಚೂರು. ಮನೆಗಳಿದ್ದ ದಿಬ್ಬದ ಅರ್ಧಭಾಗವನ್ನು ಹಾಳುಮಣ್ಣು ಎಂದು ಹೊಲಗಳಿಗೆ ಹೇರಿಕೊಂಡು ಹೋಗಿಯಾಗಿದೆ; ಆ ಬೂದುಮಣ್ಣು ಬೆಳೆಗೆ ಒಳ್ಳೆಯ ಗೊಬ್ಬರ. ಉಳಿದರ್ಧದಲ್ಲಿ ನಿಧಿಗಳ್ಳರು ಅಗೆದ ಗುಂಡಿಗಳು. ಗುಡಿಯ ಎದುರಿನ ವೀರಗಲ್ಲು ಮಾತ್ರ ಇನ್ನೂ ಸುರಕ್ಷಿತವಾಗಿದೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದ ಅದೇ ವೀರ. ಅದು ನಮ್ಮ ಮನೆತನಕ್ಕಿಂತ ಎಷ್ಟೋ ಹಳೆಯದು.

ಹುಣಸೆಯ ಮರದ ಕೆಳಗೆ ನಮ್ಮದೇ ಹೊಲದ ಮೂಲೆಯಲ್ಲಿ ಐದು ಸಮಾಧಿ ಕಟ್ಟೆಗಳಿವೆ. ನಮ್ಮಲ್ಲಿ ಮೃತರನ್ನು ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಪತ್ರಿಗಳೊಂದಿಗೆ ಮಣ್ಣು ಮಾಡುತ್ತೇವೆ. ಹಿರಿಯರನ್ನು ಅವರು ದುಡಿದ ಹೊಲದಲ್ಲೇ ಇಡುವುದು ಅನೇಕ ಮನೆಗಳ ರೂಢಿ. ಮೇಲೆ ಕಲ್ಲಿನ ಕಟ್ಟೆ, ಅನುಕೂಲವಿದ್ದರೆ ಒಂದು ಸಣ್ಣ ನಂದಿ ಅಥವಾ ಲಿಂಗ. ಅಕ್ಷರ ಕೆತ್ತಿಸುವ ಪದ್ಧತಿ ಬಹಳ ಈಚಿನದು. ಹೀಗಾಗಿ ಹಾಳೂರಿನ ಸಮಾಧಿಗಳಿಗೆ ಹೆಸರಿಲ್ಲ, ಹೊತ್ತಿಗೆಯ ಹೆಸರುಗಳಿಗೆ ಸಮಾಧಿಯಿಲ್ಲ. ಎರಡನ್ನೂ ಒಂದೇ ಜಾಗದಲ್ಲಿ ಎದುರುಬದುರು ಇಡುವವರೆಗೆ ಎರಡೂ ಮೂಕವೇ. ಅಜ್ಜ ಕಟ್ಟೆಗಳ ಸುತ್ತ ಎರಡು ಸುತ್ತು ಬಂದು, ಹಿರಿಯ ಕಟ್ಟೆ ಯಾವ ದಿಕ್ಕಿನಲ್ಲಿದೆ, ಯಾವುದರ ಪಕ್ಕಕ್ಕೆ ಯಾವುದು ಸೇರಿದೆ ಎಂದು ನೋಡಿ, ನಮ್ಮ ದೊಡ್ಡತ್ತೆ ಚಿಕ್ಕಂದಿನಲ್ಲಿ ಯಾವ ಕಟ್ಟೆಗೆ ಮೊದಲು ಹೂವಿಡುತ್ತಿದ್ದರು ಎಂದು ಕೇಳಿ, ನಾಲ್ಕು ಕಟ್ಟೆಗಳಿಗೆ ಹೆಸರು ಹೇಳಿದರು. ಐದನೆಯದು ಉಳಿದವುಗಳಿಂದ ನಾಲ್ಕು ಮಾರು ದೂರವಿದೆ. ಅದು ಯಾರದು ಎಂದು ಕೇಳಿದಾಗ ಹೊತ್ತಿಗೆಯನ್ನು ಮತ್ತೆ ತಿರುವಿ ನೋಡಿ, "ಇದು ನನ್ನ ಹತ್ತರ ಇಲ್ಲರೀ" ಎಂದಷ್ಟೇ ಹೇಳಿದರು. ಯಾವುದೋ ಹೆಸರು ಹೊಂದಿಸಿ ಹೇಳಿ ನಮ್ಮನ್ನು ಸಂತೋಷಪಡಿಸುವುದು ಅವರಿಗೆ ಕಷ್ಟವಿರಲಿಲ್ಲ.

ಅಲ್ಲಿಂದ ಬಾವಿಗೆ ಹೋದೆವು. ನನ್ನಿಂದ ಹಿಂದಕ್ಕೆ ಎಣಿಸಿದರೆ ಏಳನೆಯ ತಲೆಮಾರಿನ ಹಿರಿಯರು ಬಾವಿ ತೆಗೆಸಿದವರು ಎಂಬ ಗುರುತು ಹೊತ್ತಿಗೆಯಲ್ಲಿತ್ತಷ್ಟೆ. ಹಾಳೂರಿನ ಮೆಟ್ಟಿಲುಬಾವಿ ಹೂಳು ತುಂಬಿ, ಮೇಲಿನ ಒಂಬತ್ತು ಮೆಟ್ಟಿಲು ಮಾತ್ರ ಕಾಣುತ್ತವೆ. ಇಳಿಯುವಾಗ ಎಡಗಡೆಯ ಗೂಡಿನ ಕೆಳಗೆ ಪಾಚಿ ಒಣಗಿದ ಕಲ್ಲೊಂದಿತ್ತು. ತೆಂಗಿನ ನಾರಿನಿಂದ ಮೆಲ್ಲನೆ ಉಜ್ಜಿ, ನೀರು ಚಿಮುಕಿಸಿ, ಇಳಿಬಿಸಿಲು ಓರೆಯಾಗಿ ಬೀಳುವವರೆಗೆ ಕಾದೆವು. ಓರೆ ಬೆಳಕಿನಲ್ಲಿ ಸವೆದ ಅಕ್ಷರದ ಅಂಚು ನೆರಳು ಚೆಲ್ಲುತ್ತದೆ. ನೆತ್ತಿಯ ಬಿಸಿಲಿನಲ್ಲಿ ಅದೇ ಕಲ್ಲು ಬೋಳಾಗಿ ಕಾಣುತ್ತದೆ. ಶಕೆ 1771, ಸೌಮ್ಯನಾಮ ಸಂವತ್ಸರ ಎಂಬುದು ಮೊದಲು ಎದ್ದುಬಂತು, ಅಂದರೆ 1849-50. ಅದರ ಕೆಳಗಿನ ಸಾಲಿನಲ್ಲಿ ಹೊತ್ತಿಗೆಯಲ್ಲಿದ್ದ ಹೆಸರು. ಇಸವಿಯಿಲ್ಲದ ಹೊತ್ತಿಗೆಗೆ ಒಂದು ಇಸವಿ ಸಿಕ್ಕಿತು, ಯಾರದೆಂದು ಗೊತ್ತಿಲ್ಲದ ಬಾವಿಗೆ ಒಡೆಯ ಸಿಕ್ಕಿದ. ಕಲ್ಲಿಗೆ ಸುಣ್ಣ, ಸೀಮೆಸುಣ್ಣ, ಆಮ್ಲ, ತಂತಿಯ ಬ್ರಶ್ಶು ಏನನ್ನೂ ಹಚ್ಚಬಾರದು ಎಂಬುದನ್ನು ಇಲ್ಲಿ ಸೇರಿಸಿ ಹೇಳುತ್ತೇನೆ. ಬೆಳಕಿಗಾಗಿ ಕಾಯುವ ತಾಳ್ಮೆಯಿದ್ದರೆ ಉಳಿದುದೆಲ್ಲ ತಾನಾಗಿ ಕಾಣುತ್ತದೆ.

ಇದನ್ನು ಬೇರೆ ವ್ಯವಸ್ಥೆಗಳೊಂದಿಗೆ ಹೋಲಿಸಿ ನೋಡುವುದು ನ್ಯಾಯ. ಗೋರಿಗಳ ಮೂಲಕ ಇತಿಹಾಸವನ್ನು ಕಾಪಾಡುವ ಕೆಲಸ ಜಗತ್ತಿನಲ್ಲಿ ಅಚ್ಚುಕಟ್ಟಾಗಿ ನಡೆದಿದೆ. 1995ರಲ್ಲಿ ಆರಂಭವಾದ ಫೈಂಡ್ ಎ ಗ್ರೇವ್ ಎಂಬ ಜಾಲತಾಣದಲ್ಲಿ ಸ್ವಯಂಸೇವಕರು ಸ್ಮಶಾನಗಳಿಗೆ ಹೋಗಿ ಗೋರಿಕಲ್ಲುಗಳ ಚಿತ್ರ ತೆಗೆದು ಸೇರಿಸುತ್ತಾರೆ, ಹುಡುಕುವುದಕ್ಕೆ ಹಣ ಕೊಡಬೇಕಿಲ್ಲ. ದಕ್ಷಿಣ ಏಷ್ಯಾದ ಯುರೋಪಿಯನ್ ಸ್ಮಶಾನಗಳಿಗೆಂದೇ 1976ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಂಘ ಹುಟ್ಟಿ, ಗೋರಿಬರಹಗಳ ಪಟ್ಟಿಗಳನ್ನು ಪ್ರಕಟಿಸುತ್ತ ಬಂದಿದೆ. ನಮ್ಮಲ್ಲೇ ಶ್ರೀರಂಗಪಟ್ಟಣದ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನವನ್ನು ನೋಡಿ. ಸುಮಾರು 300 ಗೋರಿಗಳ ಆ ಜಾಗ ಒಂದು ಕಾಲಕ್ಕೆ ಗಿಡಗಂಟಿಗಳಲ್ಲಿ ಮುಚ್ಚಿಹೋಗಿತ್ತು. ಅಲ್ಲಿ ಮಲಗಿರುವವರಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಇದ್ದಾರೆ. ಆ ರೆಜಿಮೆಂಟಿಗೆ ಹೆಸರು ಕೊಟ್ಟ ಡಿ ಮ್ಯೂರಾನ್ ಮನೆತನದ ಇಂದಿನ ಪೀಳಿಗೆಯವರು ಮುಂದೆ ಬಂದು ಅದರ ಜೀರ್ಣೋದ್ಧಾರಕ್ಕೆ ನೆರವಾದರು. ಅದು ಸಾಧ್ಯವಾದದ್ದು ಕಲ್ಲಿನ ಮೇಲೆ ಹೆಸರಿದ್ದುದರಿಂದ. ಈ ಎಲ್ಲ ವ್ಯವಸ್ಥೆಗಳ ಬುನಾದಿ ಅಕ್ಷರವಿರುವ ಗೋರಿಕಲ್ಲು. ಅಕ್ಷರವಿಲ್ಲದ ನಮ್ಮ ಕಟ್ಟೆಗಳ ಚಿತ್ರ ತೆಗೆದು ಎಲ್ಲಿ ಸೇರಿಸಿದರೂ ಅದು ಕಲ್ಲಿನ ಚಿತ್ರವಾಗಿಯೇ ಉಳಿಯುತ್ತದೆ, ಹೆಳವರೊಬ್ಬರು ಪಕ್ಕದಲ್ಲಿ ನಿಲ್ಲುವವರೆಗೆ.

ಹರಿದ್ವಾರದ ಪಂಡಾಗಳ ವಹಿಗಳನ್ನೂ ಇಲ್ಲಿ ನೆನೆಯಬೇಕು. ಯಾತ್ರೆಗೆ ಹೋದ ಕುಟುಂಬಗಳ ವಂಶಾವಳಿಯನ್ನು ಅವರು ತಲೆಮಾರುಗಳಿಂದ ಬರೆದಿಟ್ಟಿದ್ದಾರೆ, ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯವರು ಆ ವಹಿಗಳ ಮೈಕ್ರೋಫಿಲ್ಮ್ ಮಾಡಿಕೊಂಡಿದ್ದಾರೆ. ಆದರೆ ಅಲ್ಲಿ ನಾವೇ ಪಂಡಾನ ಬಾಗಿಲಿಗೆ ಹೋಗಬೇಕು, ಯಾತ್ರೆ ಮಾಡಿದ ಹಿರಿಯರಿರಬೇಕು. ಗಂಗೆಯ ದಾರಿ ಕಾಣದ ಒಕ್ಕಲು ಮಕ್ಕಳ ಹೆಸರು ಉಳಿದದ್ದು ಹೆಳವರು ತಾವಾಗಿ ಊರೂರಿಗೆ ಬಂದುದರಿಂದ.

ನಗರದ ಒಂದು ಖಾಸಗಿ ಸಂಸ್ಥೆಗೆ ಇದೇ ಕೆಲಸ ಒಪ್ಪಿಸಿ ನಾನು ಮೊದಲೊಮ್ಮೆ 18,000 ರೂಪಾಯಿ ಕಳೆದುಕೊಂಡಿದ್ದೆ. ಅದರ ಹೆಸರು ಇಲ್ಲಿ ಬೇಡ. ನಾನು ತುಂಬಿಕೊಟ್ಟ ನಾಲ್ಕು ತಲೆಮಾರಿನ ಹೆಸರುಗಳನ್ನೇ ಆಲದ ಮರದ ಚಿತ್ರದಲ್ಲಿ ಅಂದವಾಗಿ ಬರೆದು, ಕಟ್ಟು ಹಾಕಿಸಿ ಕಳಿಸಿದರು. ಅದರಲ್ಲಿ ನನಗೆ ಗೊತ್ತಿಲ್ಲದ ಒಂದೇ ಒಂದು ಹೆಸರು ಇರಲಿಲ್ಲ. ಗೋಡೆಯ ಮೇಲೆ ಅದು ಚೆನ್ನಾಗಿ ಕಾಣುತ್ತದೆ.

ಹೆಳವರಿಗೆ ನಾವು ಏಳು ಮನೆಗಳವರು ಕೂಡಿ 7,000 ರೂಪಾಯಿ, ಒಂದು ಚೀಲ ಬಿಳಿಜೋಳ, ಅಜ್ಜನಿಗೆ ಧೋತರ ರುಮಾಲು, ಅವರ ಮನೆಯಾಕೆಗೆ ಒಂದು ಇಳಕಲ್ ಸೀರೆ ಕೊಟ್ಟೆವು. ಅವರು ಇಷ್ಟೇ ಬೇಕೆಂದು ಕೇಳಲಿಲ್ಲ, ಕೊಟ್ಟದ್ದನ್ನು ಯಾವ ಮನೆಯಿಂದ ಏನು ಬಂತೆಂದು ಹೊತ್ತಿಗೆಯ ಕೊನೆಯಲ್ಲಿ ಬರೆದುಕೊಂಡರು. ಆ ಪಟ್ಟಿಯೂ ಒಂದು ಇತಿಹಾಸವೇ: 1950ರ ದಶಕದ್ದೆಂದು ತೋರುವ ಪುಟದಲ್ಲಿ ನಮ್ಮ ಅಜ್ಜ ಒಂದು ಹೋರಿಗರು ಕೊಟ್ಟದ್ದು, ಅದರ ಹಿಂದಿನ ಪುಟದಲ್ಲಿ ಯಾವುದೋ ಕಷ್ಟದ ವರ್ಷ ನಮ್ಮ ಮನೆಯಿಂದ ಎರಡು ಸೇರು ಸಜ್ಜೆ ಮಾತ್ರ ಬಂದದ್ದು ದಾಖಲಾಗಿದೆ. ಎರಡೂವರೆ ದಿನದ ದುಡಿಮೆಗೆ, ಅದರ ಹಿಂದಿನ ಮೂರು ತಲೆಮಾರಿನ ಬರವಣಿಗೆಗೆ ನಾವು ಕೊಟ್ಟದ್ದು ಕಡಿಮೆಯೆಂದೇ ಈಗ ಅನ್ನಿಸುತ್ತದೆ. ಮುಂದಿನ ಬಾರಿ ಹೆಚ್ಚಿಸುತ್ತೇವೆ.

ಚಿತ್ರ ತೆಗೆಯುವ ವಿಷಯದಲ್ಲಿ ನಾನು ಮೊದಲು ಎಡವಿದೆ. ಓದುವಾಗಲೇ ಮೊಬೈಲು ತೆಗೆದು ಪುಟದ ಚಿತ್ರ ಹಿಡಿಯಲು ಹೋದೆ. ಅಜ್ಜ ಹೊತ್ತಿಗೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಅದು ಅವರ ಹೊಲವಿದ್ದಂತೆ. ಎಲ್ಲ ಪುಟಗಳೂ ನಮ್ಮ ಮೊಬೈಲಿಗೆ ಬಂದರೆ ಅವರನ್ನು ಮತ್ತೆ ಯಾರು ಕರೆಯುತ್ತಾರೆ ಎಂಬ ಅವರ ಆತಂಕ ಸುಳ್ಳಲ್ಲ. ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಓದುವ ದನಿಯನ್ನು ಪೂರ್ತಿ ಮುದ್ರಿಸಿಕೊಳ್ಳಬಹುದು, ನಮ್ಮ ಮನೆತನದ ಆರು ಪುಟಗಳ ಚಿತ್ರ ಮಾತ್ರ ತೆಗೆಯಬಹುದು, ಬೇರೆ ಮನೆತನದ ಪುಟವನ್ನು ನೋಡಕೂಡದು, ಚಿತ್ರದ ಒಂದು ಪ್ರತಿ ಅವರ ಮಗನ ಬಳಿಯೂ ಇರಬೇಕು. ಹೊತ್ತಿಗೆ ಬೆಂಕಿಗೋ ಗೆದ್ದಲಿಗೋ ತುತ್ತಾದರೆ ಆ ಪ್ರತಿಯೇ ಅವರಿಗೆ ಆಸರೆ. ಮಗ ಈ ವೃತ್ತಿಯಲ್ಲಿ ಮುಂದುವರಿಯುವ ಬಗ್ಗೆ ಖಚಿತವಾಗಿ ಏನೂ ಹೇಳಲಿಲ್ಲ. ಟಂಟಂ ಓಡಿಸಿದರೆ ದಿನದ ಕೂಲಿ ದಿನಕ್ಕೆ ಸಿಗುತ್ತದೆ; ಹೊತ್ತಿಗೆ ಹಿಡಿದರೆ ಎಷ್ಟೋ ಮನೆಗಳ ಬಾಗಿಲು ತೆರೆಯುವುದೇ ಇಲ್ಲ ಎಂಬುದು ಅವನ ಅನುಭವ.

ನಮ್ಮ ಹಾಳೂರಿಗಾದರೂ ನಡೆದು ಹೋಗಬಹುದು. ಕೃಷ್ಣೆಯ ದಂಡೆಯವರಿಗೆ ಆ ಭಾಗ್ಯವೂ ಇಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯ ತುಂಬಿದಾಗ ಹಳೆಯ ಬಾಗಲಕೋಟೆಯ ಬಹುಭಾಗದೊಂದಿಗೆ ಎಷ್ಟೋ ಹಳ್ಳಿಗಳು ಹಿನ್ನೀರಿಗೆ ಹೋದವು. ಮನೆಗೆ ಪರಿಹಾರ ಬಂತು, ಹೊಲಕ್ಕೆ ಬಂತು, ನವನಗರದಲ್ಲಿ ನಿವೇಶನ ಸಿಕ್ಕಿತು. ಹೊಲದ ಮೂಲೆಯ ಸಮಾಧಿಗಳನ್ನು ಎತ್ತಿಕೊಂಡು ಬರಲು ಆಗಲಿಲ್ಲ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಇನ್ನಷ್ಟು ಊರುಗಳು ಅದೇ ದಾರಿ ಹಿಡಿಯಲಿವೆ. ಆ ಊರುಗಳವರಿಗೆ ನನ್ನದೊಂದು ಕಳಕಳಿಯ ವಿನಂತಿ ಇದೆ. ನೀರು ಬರುವ ಮೊದಲು ನಿಮ್ಮ ಹೆಳವರನ್ನು ಕರೆಸಿ, ಸಮಾಧಿ ಕಟ್ಟೆಗಳ ಮುಂದೆ ನಿಲ್ಲಿಸಿ, ಯಾವ ಕಟ್ಟೆ ಯಾರದೆಂದು ಹೇಳಿಸಿ, ಸರ್ವೆ ನಂಬರಿನ ಸಮೇತ ಚಿತ್ರ ತೆಗೆದಿಡಿ. ನೀರು ನಿಂತ ಮೇಲೆ ಹೊತ್ತಿಗೆಯ ಹೆಸರುಗಳಿಗೆ ಜಾಗ ತೋರಿಸುವವರು ಯಾರೂ ಇರುವುದಿಲ್ಲ.

ಸೇವೆ ಪಡೆಯಬಯಸುವವರು ಸುಗ್ಗಿಯ ನಂತರ, ಮುಂಗಾರಿಗೆ ಮೊದಲು ಪ್ರಯತ್ನಿಸಬೇಕು. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿದರೆ ಹೆಳವರು ಯಾವ ಕಡೆಯಿಂದ ಬರುತ್ತಿದ್ದರೆಂದು ಗೊತ್ತಾಗುತ್ತದೆ. ಅದೇ ಬೆಡಗಿನ ಪಕ್ಕದೂರಿನವರಿಗೂ ಸಾಮಾನ್ಯವಾಗಿ ಗೊತ್ತಿರುತ್ತದೆ. ಅವರು ಬರುವ ಮುನ್ನ ಪಹಣಿ, ವಾರಸಾ ದಾಖಲೆ, ಶಾಲೆಯ ದಾಖಲಾತಿ ಎಲ್ಲವನ್ನೂ ಹೊಂದಿಸಿಟ್ಟುಕೊಳ್ಳಿ. ನಮ್ಮಲ್ಲಿ ಈಚಿನ ಐದು ತಲೆಮಾರು ಕಾಗದಗಳೊಂದಿಗೆ ತಾಳೆಯಾಯಿತು, ಏಳನೆಯದು ಬಾವಿಯ ಕಲ್ಲಿನೊಂದಿಗೆ ತಾಳೆಯಾಯಿತು. ಉಳಿದ ಐದನ್ನು ಹೊತ್ತಿಗೆಯ ಮಾತಿನ ಮೇಲೆ ಇಟ್ಟುಕೊಂಡಿದ್ದೇನೆ, ಆದರೆ ನನ್ನ ಕಡತದಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರೆದಿದ್ದೇನೆ.

ಮೂರನೆಯ ದಿನ ಹೊಸ ಹೆಸರು ಬರೆಸುವಾಗ, ಹೆಣ್ಣುಮಕ್ಕಳ ಹೆಸರನ್ನೂ ಬರೆಯಬೇಕೆಂದು ನಾವು ಕೇಳಿದೆವು. ಅಜ್ಜ ಅದಕ್ಕೆ ಅಡ್ಡಿ ಹೇಳಲಿಲ್ಲ, ಪುಟದಲ್ಲಿ ಜಾಗ ಸಾಲದೆಂದು ಮಾತ್ರ ಯೋಚಿಸಿ, ಅಂಚಿನಲ್ಲಿ ಅಡ್ಡಕ್ಕೆ ಬರೆಯತೊಡಗಿದರು. ಎಂಬತ್ತು ದಾಟಿದ ದೊಡ್ಡತ್ತೆಯಿಂದ ಆರಂಭಿಸಿ ಹದಿನಾಲ್ಕು ಹೆಸರುಗಳಾದವು. "ಯವ್ವಾ, ನಿನ್ನ ಲಗ್ನ ಆದ ವರ್ಷ ಯಾವುದು" ಎಂದು ಕೇಳಿದಾಗ ದೊಡ್ಡತ್ತೆ ಇಸವಿ ಹೇಳಲಿಲ್ಲ, ಊರ ಕೆರೆ ಒಡೆದ ವರ್ಷ ಎಂದರು. ಅಜ್ಜ ಹಾಗೆಯೇ ಬರೆದುಕೊಂಡರು.

ಅವರು ಹೋದ ಮೇಲೆ ನಾವು ಹುಣಸೆ ಮರದ ಕೆಳಗಿನ ಜಾಲಿ ಕಡಿಸಿ, ಕಲ್ಲುಕುಟಿಗರಿಗೆ ಐದು ಸಣ್ಣ ಕಲ್ಲುಫಲಕಗಳನ್ನು ಹೇಳಿದ್ದೇವೆ. ಕಟ್ಟೆಗಳನ್ನು ಮುಟ್ಟದೆ ಅವುಗಳ ಪಕ್ಕದಲ್ಲಿ ನೆಡುವುದೆಂದು ತೀರ್ಮಾನವಾಗಿದೆ. ನಾಲ್ಕರ ಮೇಲೆ ಹೊತ್ತಿಗೆಯಲ್ಲಿರುವ ಹೆಸರು ಮತ್ತು ಗುರುತು ಇರುತ್ತದೆ. ಐದನೆಯದನ್ನು ಏನೂ ಕೆತ್ತಿಸದೆ ನಿಲ್ಲಿಸುತ್ತೇವೆ.